ನೋವು ನಿಂತಿತು, ಎಲುಬು ಕೂಡಿರಲಿಲ್ಲ

ಯಾರಾದರೂ ಬಿದ್ದು ಬರಲಿ ಎಂದು ಮೂರು ವಾರ ಕಾದವಳು ನಾನು. ಹೀಗೆ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಸುಳ್ಳು ಬರೆದು ಏನು ಮಾಡಲಿ? ವಿಜಯಪುರದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ನಾನು ಡಾಕ್ಟರ್. ಆ ವರ್ಷ ತರಬೇತಿಗೆ ಹೋಗಿ ಹೊಸದೊಂದು ವಿದ್ಯೆ ಕಲಿತು ಬಂದಿದ್ದೆ. ತೊಡೆಯ ಎಲುಬನ್ನು ಮೇಲ್ಗಡೆ, ಸೊಂಟದ ಹತ್ತಿರ ಮುರಿದುಕೊಂಡು ಬಂದವರಿಗೆ ತೊಡೆಸಂದಿಯಲ್ಲಿ ಒಂದು ಸೂಜಿ ಹಾಕಿ, ಆ ಜಾಗದ ನೋವನ್ನು ಹೊತ್ತೊಯ್ಯುವ ನರಗಳನ್ನೇ ಕೆಲವು ತಾಸು ಮಲಗಿಸಿಬಿಡುವುದು. ನರ್ವ್ ಬ್ಲಾಕ್ ಎನ್ನುತ್ತಾರೆ. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಕಾಲಿನ ನೋವು ಮಾತ್ರ ಇಳಿದುಹೋಗುತ್ತದೆ.

ಅದಕ್ಕೂ ಮೊದಲು ನಾವು ರಕ್ತನಾಳಕ್ಕೆ ನೋವಿನ ಔಷಧ ಕೊಡುತ್ತಿದ್ದೆವು. ಜಾಸ್ತಿ ಕೊಟ್ಟರೆ ಎಂಬತ್ತರ ಮುದುಕಿಯ ಉಸಿರು ನಿಧಾನವಾಗುತ್ತದೆ, ಇಲ್ಲವೇ ಮಂಪರು ಹತ್ತಿ ಎಂದೋ ತೀರಿಹೋದ ಗಂಡನನ್ನು ಊಟಕ್ಕೆ ಕರೆಯಲು ಶುರುಮಾಡುತ್ತಾಳೆ. ಕಡಿಮೆ ಕೊಟ್ಟರೆ ಎಕ್ಸ್‌ರೇ ಮೇಜಿನ ಮೇಲೆ ಆಕೆ ಹಾಕುವ ಚೀರು ಹೊರಗಿನ ಕ್ಯಾಂಟೀನಿಗೆ ಕೇಳುತ್ತದೆ. ಇವೆರಡರ ನಡುವೆ ವರ್ಷಗಟ್ಟಲೆ ಒದ್ದಾಡಿದವಳಿಗೆ ಮೂರನೆಯ ದಾರಿ ಸಿಕ್ಕರೆ ಸುಮ್ಮನೆ ಕೂರುವುದು ಹೇಗೆ?

ಸುಮ್ಮನೆ ಕೂರಲಿಲ್ಲ. ಜಲನಗರದ ನಮ್ಮ ಮನೆಯಲ್ಲಿ ಗಂಡನನ್ನು ಸೋಫಾದ ಮೇಲೆ ಮಲಗಿಸಿ, ತೊಡೆಯ ಮೇಲೆ ಬಾಲ್‌ಪೆನ್ನಿನಿಂದ ರಕ್ತನಾಳ ಎಲ್ಲಿ, ನರ ಎಲ್ಲಿ ಎಂದು ಗೆರೆ ಎಳೆದು ರೂಢಿ ಮಾಡಿಕೊಂಡೆ. ಪಾಪ, ಆತ ಬ್ಯಾಂಕಿನಲ್ಲಿ ಕೆಲಸ ಮಾಡುವ ಸಾಧು ಮನುಷ್ಯ. ಪ್ಯಾಂಟಿನ ಒಳಗೆ ನನ್ನ ನಕ್ಷೆ ಹೊತ್ತುಕೊಂಡೇ ಕೆಲಸಕ್ಕೆ ಹೋಗಿಬರುತ್ತಿದ್ದ. ಇತ್ತ ಆಸ್ಪತ್ರೆಗೆ ಗಾಡಿ ಬಂದಾಗಲೆಲ್ಲ ನಾನು ಬಾಗಿಲಿಗೆ ಓಡುತ್ತಿದ್ದೆ. ಬೈಕಿನಿಂದ ಬಿದ್ದವರು, ಹಾವು ಕಚ್ಚಿದವರು, ಜ್ವರದವರು ಎಲ್ಲರೂ ಬಂದರು. ತೊಡೆಯ ಎಲುಬಿನವರು ಮಾತ್ರ ಬರಲೇ ಇಲ್ಲ. ನನ್ನ ಅವಸ್ಥೆ ನೋಡಲಾರದೆ ಹಿರಿಯ ಸಿಸ್ಟರ್ ಒಂದು ದಿನ, "ಮೇಡಂ, ಯಾರನ್ನರ ದೂಡಿ ಬರಲೇನ್ರಿ?" ಎಂದು ಕೇಳಿಯೇಬಿಟ್ಟರು.

ನಮ್ಮ ಎಲುಬಿನ ವಿಭಾಗದ ಹಿರಿಯ ಡಾಕ್ಟರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ತುರ್ತು ವಿಭಾಗದ ಗದ್ದಲದಲ್ಲಿ ಇಂಥ ನಾಜೂಕಿನ ಕೆಲಸ ಬೇಡ ಎನ್ನುವುದು ಅವರ ವಾದ. ಬೆನ್ನು ಹತ್ತಿ ಬೇಡಿದ ಮೇಲೆ ಒಂದು ಷರತ್ತು ಹಾಕಿದರು. ಮೊದಲನೆಯದು ಅವರ ಕಣ್ಣೆದುರಿಗೇ ಆಗಬೇಕು. ಏನಾದರೂ ಎಡವಟ್ಟಾದರೆ ಅಲ್ಲಿಗೇ ನಿಲ್ಲಬೇಕು. ನಾನು ಹೂಂ ಎಂದೆ. ಎಡವಟ್ಟು ನನ್ನಿಂದಾಗುತ್ತದೆ ಎಂದು ನನಗೆ ಕನಸಿನಲ್ಲೂ ಅನಿಸಿರಲಿಲ್ಲ.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ ಅಪ್ಪ ಒಕ್ಕಲುತನ ಮಾಡುತ್ತಾನೆ, ಜೊತೆಗೆ ಎಲುಬು ಕಟ್ಟುತ್ತಾನೆ. ಅವನ ಅಪ್ಪನೂ ಕಟ್ಟುತ್ತಿದ್ದ. ಕೈ ಉಳುಕಿದವರು, ಮೊಣಕೈ ಜಾರಿದವರು, ಮರದಿಂದ ಬಿದ್ದವರು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅಪ್ಪ ಎಳೆದು ಕೂಡಿಸಿ, ಉದ್ದಿನ ಹಿಟ್ಟು ತತ್ತಿ ಕಲಸಿ ಹಚ್ಚಿ, ಬಿದಿರಿನ ಪಟ್ಟಿ ಇಟ್ಟು ಬಿಗಿಯುತ್ತಿದ್ದ. ನನ್ನ ಬಾಲ್ಯವೆಲ್ಲ ಆ ಪಡಸಾಲೆಯ ಚೀರಾಟದಲ್ಲೇ ಕಳೆದಿದೆ. ಕಟ್ಟಿದ ಮೇಲೆ ಅಪ್ಪ ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: "ನೋವ ನಿಂತ ದಿನಾ ಎಲುಬ ಕೂಡೇತಿ ಅಂತ ತಿಳೀರಿ." ಬಬಲೇಶ್ವರದಿಂದ ತಿಕೋಟಾದವರೆಗೆ ಆ ಮಾತು ಗೊತ್ತಿಲ್ಲದವರು ಕಡಿಮೆ.

ಡಾಕ್ಟರಕಿ ಓದುವಾಗ ನಾನು ಅಪ್ಪನ ಎದುರಿಗೆ ನಿಂತು, ನಿನ್ನ ಕಟ್ಟಿನಿಂದ ಮಂದಿಯ ಕೈ ಸೊಟ್ಟಾಗುತ್ತವೆ ಎಂದು ಅಂದಿದ್ದೆ. ಹೊಸದಾಗಿ ಓದಿದ ಸೊಕ್ಕು. ಅಪ್ಪ ಸಿಟ್ಟಾಗಲಿಲ್ಲ. ಆದರೆ ಅಂದಿನಿಂದ ತನ್ನ ಕೆಲಸದ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಫೋನಿನಲ್ಲಿ ಮಳೆ, ದ್ರಾಕ್ಷಿ, ಎಮ್ಮೆ, ಮೊಮ್ಮಕ್ಕಳು, ಇಷ್ಟೇ. ನಾನೂ ಆಸ್ಪತ್ರೆಯಲ್ಲಿ ಯಾರಿಗೂ ಅಪ್ಪನ ಕಸುಬು ಹೇಳಿರಲಿಲ್ಲ.

ಕೊನೆಗೊಂದು ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸಣ್ಣ ಗೂಡ್ಸ್ ಗಾಡಿಯೊಂದು ಬಾಗಿಲಿಗೆ ಬಂತು. ಹಿಂದೆ ಕೌದಿಯ ಮೇಲೆ ಎಪ್ಪತ್ತೈದರ ಆಸುಪಾಸಿನ ಒಬ್ಬ ಅಜ್ಜಿ, ಪಕ್ಕದಲ್ಲಿ ಮಗ ಮತ್ತು ಸೊಸೆ. ತಿಕೋಟಾದ ಆಚೆಯ ಹಳ್ಳಿಯವರು. ಆಡುಗಳನ್ನು ಬಿಡಲು ಹೋದಾಗ ಒಂದು ಹೋತ ಹಗ್ಗ ಜಗ್ಗಿ ಅಜ್ಜಿಯನ್ನು ಕೆಡವಿತ್ತು. ಹೋತಕ್ಕೆ, ಗಾಡಿಯವನಿಗೆ, ದಾರಿಯ ಒಂದೊಂದು ಉಬ್ಬಿಗೆ, ನಮ್ಮ ಟ್ರಾಲಿಗೆ, ಎಲ್ಲಕ್ಕೂ ಅಜ್ಜಿ ಬೇರೆ ಬೇರೆ ಬೈಗುಳ ಕೊಡುತ್ತಿದ್ದಳು. ನಡುನಡುವೆ ಬರುವ ಚೀರು ಮಾತ್ರ ಒಂದೇ ತೆರನಾದದ್ದು.

ಹೊದಿಕೆ ಸರಿಸಿದೆ. ಎರಡೂ ಕಾಲುಗಳ ನಡುವೆ ಮಡಚಿದ ಬಟ್ಟೆ ಇಟ್ಟು, ನೋವಿನ ಕಾಲನ್ನು ಗಟ್ಟಿಯಿರುವ ಕಾಲಿಗೆ ಸೇರಿಸಿ ಮೂರು ಕಡೆ ಕಟ್ಟಿದ್ದರು. ಹೊರಮಗ್ಗುಲಿಗೆ ಬಂದ ಜೋಡು ಗಂಟು, ತುದಿಯನ್ನು ಒಳಗೆ ತೂರಿಸಿದ್ದು. ಆ ಗಂಟು ಹಾಕುವವನು ಈ ಸೀಮೆಯಲ್ಲಿ ಒಬ್ಬನೇ. ಬೆಳಿಗ್ಗೆ ಮೊದಲು ಜೈನಾಪುರಕ್ಕೇ ಹೋಗಿದ್ದರಂತೆ. ಅಪ್ಪ ನೋಡಿ, ಇದು ತನ್ನಲ್ಲಿ ಆಗುವುದಲ್ಲ ಎಂದು, ದಾರಿಗಾಗುವಷ್ಟು ಕಟ್ಟಿ ಸಿಟಿಗೆ ಕಳಿಸಿದ್ದ. ಕಟ್ಟು ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಆಂಬುಲೆನ್ಸಿನವರಿಗೆ ತೋರಿಸಿ ಕಲಿಸಬೇಕು. ನಾನು ಬಿಚ್ಚಲು ಕೈ ಹಾಕಿದ್ದೇ ತಡ, ಅಜ್ಜಿ ನನ್ನ ಮಣಿಕಟ್ಟು ಹಿಡಿದಳು.

"ಇದನ್ನ ಬಿಚ್ಚಾಕ ನೀ ಯಾರ ಬೇ? ಜೈನಾಪುರದ ಅಪ್ಪ ಕಟ್ಟ್ಯಾನ."

ನಾನು ಆ ಅಪ್ಪನ ಮಗಳೇ ಎಂದು ಹೇಳಬಹುದಿತ್ತು. ಸುತ್ತ ಡಾಕ್ಟರು, ಸಿಸ್ಟರು, ಕಲಿಯುವ ಹುಡುಗಿಯರು ನಿಂತಿದ್ದರು. ಹೇಳಲಿಲ್ಲ.

ಎಲುಬಿನ ಸರ್ ಬಂದರು. ಮಗನಿಗೂ ಸೊಸೆಗೂ ಅಜ್ಜಿಗೂ ಸೂಜಿಯ ವಿಷಯ ತಿಳಿಸಿ ಒಪ್ಪಿಗೆ ಪಡೆದೆ. ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುತ್ತಾಳೆಯೇ ಎಂದು ವಿಚಾರಿಸಿದೆ, ಬಿ.ಪಿ., ಎದೆಬಡಿತದ ಯಂತ್ರ ಎಲ್ಲ ಹಚ್ಚಿದೆ. ತೊಡೆಸಂದಿಯನ್ನು ಸ್ವಚ್ಛ ಮಾಡಿ ಸ್ಕ್ಯಾನಿಂಗ್ ಯಂತ್ರದ ಪ್ರೋಬ್ ಇಟ್ಟಾಗ, ಅದೋ, ಪರದೆಯ ಮೇಲೆ ದೊಡ್ಡ ರಕ್ತನಾಳ ಡುಬುಡುಬು ಬಡಿಯುತ್ತಿತ್ತು. ಅದರ ಹೊರಮಗ್ಗುಲಿಗೆ ಮಾಂಸಖಂಡ, ಅದರ ಮೇಲೆ ಬೆಳ್ಳಗಿನ ಒಂದು ಗೆರೆ. ಆ ಗೆರೆಯ ಕೆಳಗೆ ಔಷಧ ಹೋಗಬೇಕು, ಮೇಲೆ ಹೋದರೆ ದಂಡ. ಚರ್ಮ ಮರಗಟ್ಟಿಸಿ ಉದ್ದನೆಯ ಸೂಜಿ ತೂರಿಸಿದೆ. ಪರದೆಯಲ್ಲಿ ಸೂಜಿ ಮೆಲ್ಲಗೆ ಇಳಿದು ಗೆರೆಯನ್ನು ಮುಟ್ಟಿತು, ಗೆರೆ ಒಂಚೂರು ಬಾಗಿತು, ಆಮೇಲೆ ಪಟ್ಟನೆ ದಾಟಿದ್ದು ನನ್ನ ಬೆರಳಿಗೇ ಗೊತ್ತಾಯಿತು. ರಕ್ತ ಬರುತ್ತಿಲ್ಲವೆಂದು ಎಳೆದು ನೋಡಿ, ಸ್ವಲ್ಪ ಸ್ವಲ್ಪವೇ ಔಷಧ ಬಿಟ್ಟೆ. ಬೆಳ್ಳಗಿನ ಗೆರೆ ಮೇಲೆದ್ದು, ಕೆಳಗೆ ಕಪ್ಪಗೆ ಔಷಧ ಹರಡಿಕೊಂಡು ಹೋಯಿತು. ಎಷ್ಟು ಚೆಂದವಾಗಿ ಹರಡಿತೆಂದರೆ ನಾನು ಮಾಸ್ಕಿನೊಳಗೇ ನಕ್ಕೆ.

ಇನ್ನು ಕಾಯುವುದು. ಇಪ್ಪತ್ತು ನಿಮಿಷ, ಅರ್ಧ ತಾಸು. ಐದು ನಿಮಿಷಕ್ಕೆ ಅಜ್ಜಿ ನನ್ನ ಮನೆತನವನ್ನು ಬೈಯುತ್ತಿದ್ದಳು. ಹತ್ತು ನಿಮಿಷಕ್ಕೆ ಬೈಗುಳದಲ್ಲಿ ಜೀವ ಇರಲಿಲ್ಲ. ಹದಿನೈದಕ್ಕೆ ಸುಮ್ಮನಾದಳು. ಇಪ್ಪತ್ತಾಗುವಷ್ಟರಲ್ಲಿ ಹುಬ್ಬಿನ ಗಂಟು ಬಿಚ್ಚಿ, ಕಣ್ಣು ಪಿಳಿಪಿಳಿ ಬಿಡುತ್ತ ಸೊಸೆಯನ್ನು ಎಲೆ ಅಡಿಕೆ ಕೇಳಿದಳು. ಎಕ್ಸ್‌ರೇ ಮೇಜಿನ ಮೇಲೆ ಕಾಲು ಸರಿಸಿದೆವು. ಚೀರಲಿಲ್ಲ. ಮೇಜು ತಣ್ಣಗಿದೆ ಎಂದು ತಕರಾರು ಮಾಡಿದಳು, ಅಷ್ಟೇ. ಎಕ್ಸ್‌ರೇ ತೆಗೆಯುವ ಹಳೆಯ ಹುಲಿ ತಂತ್ರಜ್ಞ ನನ್ನ ಮುಖ ನೋಡಿ, ಇದು ಮುರಿದದ್ದು ಹೌದೋ ಅಲ್ಲವೋ ಎಂದು ಕೇಳಿದ.

ಮುರಿದದ್ದು ಹೌದು. ಆದರೆ ತುಂಡುಗಳು ಹೆಚ್ಚು ಜರುಗಿರಲಿಲ್ಲ. ಈಗಿರುವ ಹಾಗೇ ಇದ್ದರೆ ಮರುದಿನ ಸ್ಕ್ರೂ ಹಾಕಿ ಕೂಡಿಸಬಹುದು, ಅಜ್ಜಿ ಮತ್ತೆ ಆಡುಗಳ ಹಿಂದೆ ನಡೆಯಬಹುದು ಎಂದರು ಸರ್. ಕಾಲಿನ ಮೇಲೆ ಭಾರ ಬಿದ್ದು ಜರುಗಿದರೆ ಕಥೆಯೇ ಬೇರೆ. ಹೋಗುವ ಮುಂಚೆ ಅವರು ಸಿಸ್ಟರಿಗೆ, ಇನ್ನು ಮೇಲೆ ಇಂಥವರು ಬಂದರೆ ಮೊದಲು ಈ ಮೇಡಂನ ಕರೀರಿ ಎಂದರು. ಆ ಒಂದು ಮಾತಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟ್ರಾಲಿಯ ಬಳಿ ಹೋಗಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ, "ನೋಡ್ರಿ ಅಜ್ಜಿ, ನೋವ ಹೋತು, ಹೌದಿಲ್ಲೋ?" ಎಂದೆ. ಹೌದವ್ವಾ ಎಂದು ಅಜ್ಜಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಮಗ ಕೈಮುಗಿದ. ನಾನು ಹಿಗ್ಗಿ ಹೀರೇಕಾಯಿ.

ಎರಡು ಗಂಟೆಗೆ ನನ್ನ ಡ್ಯೂಟಿ ಮುಗಿಯಿತು. ಮುಂದಿನ ಪಾಳಿಯವರಿಗೆ ಎಲ್ಲ ಒಪ್ಪಿಸಿ, ಸ್ಕೂಟಿಯ ಮೇಲೆ ಕೂತು ಅಪ್ಪನಿಗೆ ಫೋನು ಹಚ್ಚಿದೆ. ಇಷ್ಟು ವರ್ಷ ಆಡದ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಆಡಿಬಿಟ್ಟೆ. ನೀನು ಕಟ್ಟಿ ಕಳಿಸಿದ ಅಜ್ಜಿ ನನ್ನ ಹತ್ತಿರವೇ ಬಂದಿದ್ದಾಳೆ, ಒಂದೇ ಸೂಜಿ, ಅಳು ಇಲ್ಲ, ಚೀರಾಟ ಇಲ್ಲ, ಎಲೆ ಅಡಿಕೆ ಕೇಳುತ್ತಿದ್ದಾಳೆ ಎಂದೆ. ನಿನ್ನ ಪಡಸಾಲೆಯಲ್ಲಿ ಹೀಗೆ ಎಂದಾದರೂ ಆಗಿತ್ತೇ ಎಂದು ಕೇಳುವಷ್ಟು ಬಾಯಿ ಮುಂದೆ ಹೋಗಿತ್ತು. ಅತ್ತ ಕಡೆಯಿಂದ ಅಪ್ಪ ಕೇಳಿದ್ದು ಒಂದೇ.

"ನೋವ ಪೂರಾ ನಿಂತೈತೇನು?"

ಪೂರಾ ಎಂದೆ.

"ಹಂಗಾರ ನನ್ನ ಜೋಡಿ ಏನ ಮಾತಾಡಾಕತ್ತಿ ಬೇ? ಆಕಿ ಎದ್ದ ಮನಿಗೆ ಹೊಕ್ಕಾಳ. ಹೋಗಿ ಹಿಡಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನೋವು ನಿಂತ ದಿನ ಎಲುಬು ಕೂಡಿದೆ. ಆ ಮಾತು ಕೇಳುತ್ತಲೇ ಬೆಳೆದವಳು ನಾನು. ಆ ಮಾತನ್ನು ನಂಬಿದ ಅಜ್ಜಿಯ ಮುಂದೆ ನಿಂತು, ಹತ್ತು ಮಂದಿಯ ಎದುರು, ನೋವು ಹೋಯಿತೆಂದು ಸಾರಿ ಬಂದಿದ್ದೆ. ಎಲುಬು ಇನ್ನೂ ಮುರಿದೇ ಇದೆ ಎಂದು ಒತ್ತಿ ಹೇಳಬೇಕೆಂದು ನನ್ನ ಜಂಬದ ತಲೆಗೆ ಹೊಳೆದಿರಲಿಲ್ಲ.

ಓಡಿ ಒಳಗೆ ಹೋದೆ. ವಾರ್ಡಿನ ಹಾಸಿಗೆಗೆಂದು ಕಾರಿಡಾರಿನಲ್ಲಿ ಕಾಯುತ್ತಿದ್ದ ಟ್ರಾಲಿ ಅಲ್ಲಿರಲಿಲ್ಲ. ಫೈಲು, ಎಕ್ಸ್‌ರೇ ಚಿತ್ರ ಕುರ್ಚಿಯ ಮೇಲೆ ಬಿದ್ದಿದ್ದವು, ಎತ್ತಿಕೊಂಡೆ. ಸ್ಕ್ಯಾನಿಂಗಿಗೆ ಒಯ್ಯುತ್ತೇವೆ ಎಂದು ಹೇಳಿ ಮಗ ತಾನೇ ಟ್ರಾಲಿ ದೂಡಿಕೊಂಡು ಹೋಗಿದ್ದನಂತೆ. ಖಾಲಿ ಟ್ರಾಲಿ ಗೇಟಿನ ಬಳಿ ಸಿಕ್ಕಿತು. ಅಜ್ಜಿಯನ್ನು ಗೂಡ್ಸ್ ಗಾಡಿಯಲ್ಲಿ ಮಲಗಿಸಿ ಈಗಷ್ಟೇ ಹೋದರು ಎಂದ ವಾಚ್‌ಮನ್. ಮಗ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದರೆ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ.

ಸಂಜೆ ಮುಗಿಯುವ ಹೊತ್ತಿಗೆ ಔಷಧ ಇಳಿಯುತ್ತದೆ. ಆಗ ಆಕೆ ತಿಕೋಟಾದ ಆಚೆ, ಡಾಕ್ಟರಿಲ್ಲದ ಊರಿನಲ್ಲಿರುತ್ತಾಳೆ. ಅದಕ್ಕಿಂತ ಹೆಚ್ಚಿನ ಭಯ ಬೇರೆ ಇತ್ತು. ಈ ಸೂಜಿ ನೋವನ್ನಷ್ಟೇ ಅಲ್ಲ, ತೊಡೆಯ ಬಲವನ್ನೂ ತುಸು ಕಳೆಯುತ್ತದೆ. ಆಕೆ ಕಾಲೂರಿ ನಿಂತರೆ ಮೊಣಕಾಲು ಕುಸಿದು ಬೀಳುತ್ತಾಳೆ, ಜರುಗದ ಎಲುಬು ಜರುಗುತ್ತದೆ, ಆಡುಗಳ ಹಿಂದೆ ನಡೆಯುವುದು ಅಲ್ಲಿಗೆ ಮುಗಿಯುತ್ತದೆ. ಬಿಳಿ ಕೋಟು ತೆಗೆಯುವುದನ್ನೂ ಮರೆತು ಸ್ಕೂಟಿ ಓಡಿಸಿದೆ. ಹೆಲ್ಮೆಟ್ ಹಾಕಿಕೊಂಡಿದ್ದೆ, ಅಷ್ಟು ಬುದ್ಧಿ ಇತ್ತು.

ಊರು ದಾಟಿ ತೊರವಿಯ ಹತ್ತಿರ ಬಂದಾಗ ರಸ್ತೆ ಬದಿಯ ಚಹಾದ ಅಂಗಡಿಯ ಮುಂದೆ ಬೇವಿನ ನೆರಳಿಗೆ ಆ ಗಾಡಿ ನಿಂತಿತ್ತು. ನಾನು ಕುಣಿಯುವುದೊಂದೇ ಬಾಕಿ. ಮರುಕ್ಷಣ ಕಂಡದ್ದೇ ಬೇರೆ. ಹಿಂದಿನ ಬಾಗಿಲು ಕೆಳಗೆ ಬಿಟ್ಟಿದ್ದರು. ಮಗ ಅಜ್ಜಿಯ ಕಂಕುಳಲ್ಲಿ ಕೈ ಹಾಕಿ ಅಂಚಿಗೆ ಸರಿಸಿದ್ದ. ಒಂದು ಕಾಲು ಆಗಲೇ ಕೆಳಗೆ ಇಳಿಬಿದ್ದಿತ್ತು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ಪಾತ್ರೆ ಇಟ್ಟರೆ ಒಂದಕ್ಕೆ ಹೋಗಲು ಅಜ್ಜಿ ಒಪ್ಪಿರಲಿಲ್ಲವಂತೆ. ಈಗ ಅಂಗಡಿಯ ಹಿಂದಿನ ಗೋಡೆಯ ಮರೆಗೆ ನಡೆದೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು.

ಸ್ಕೂಟಿಯನ್ನು ಹೇಗೆ ನಿಲ್ಲಿಸಿದೆನೋ ತಿಳಿಯದು. ಅದು ಬಿದ್ದದ್ದು ಆಮೇಲೆ ಗೊತ್ತಾಯಿತು. ಎರಡೂ ಕೈಗಳಿಂದ ಆ ಕಾಲನ್ನು ಹಿಡಿದು ಮೇಲೆತ್ತಿ, ಅಜ್ಜಿಯನ್ನು ಹಾಗೇ ಹಿಂದಕ್ಕೆ ಮಲಗಿಸಿರಿ ಎಂದು ಕೂಗಿದೆ. ಮಗ ಗಾಬರಿಯಿಂದ ನಾನು ಹೇಳಿದಂತೆ ಮಾಡಿದ. ಸೊಸೆಯೂ ನಾನೂ ಅಡ್ಡ ಸೀರೆ ಹಿಡಿದು, ಚಹಾದ ಅಂಗಡಿಯವನ ಬಕೀಟು ಇಸಿದುಕೊಂಡು, ಅಜ್ಜಿಯ ಮುಖ್ಯ ತೊಂದರೆಯನ್ನು ಮಲಗಿದಲ್ಲೇ ಪರಿಹರಿಸಿದೆವು. ಅಜ್ಜಿ ನಾಚಿಕೊಂಡು ಮುಖಕ್ಕೆ ಸೆರಗು ಹಾಕಿಕೊಂಡಳು.

ಆಮೇಲೆ ವಾದ ಶುರುವಾಯಿತು. ಎಲುಬು ಮುರಿದೇ ಇದೆ, ಸೂಜಿಯಿಂದ ನೋವು ಮಾತ್ರ ಮಲಗಿದೆ, ಸಂಜೆಗೆ ಏಳುತ್ತದೆ ಎಂದು ನನಗೆ ತಿಳಿದ ಹಾಗೆಲ್ಲ ಹೇಳಿದೆ. ಎಕ್ಸ್‌ರೇ ಚಿತ್ರವನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಅದು ಬೆಳಗಿನದು ಎಂದಳು ಅಜ್ಜಿ. ಮಗ ಒರಟನಲ್ಲ. ತಾಯಿಯ ಮೇಲೆ ಚಾಕು ಹಾಕುವುದು ತಪ್ಪಿತಲ್ಲ ಎಂದು ನಿಜವಾಗಿ ಸಂತೋಷಪಟ್ಟಿದ್ದ. ನೋವು ಹೋಯಿತೆಂದು ಹೇಳಿದವರು ನೀವೇ ಅಲ್ಲವೇ ಎಂದು ಮೆತ್ತಗೆ ಕೇಳಿದ.

"ಜೈನಾಪುರದ ಅಪ್ಪನ ಮಾತು ಸುಳ್ಳಾಗಿದ್ದ ನಾ ಕೇಳಿಲ್ಲ," ಎಂದಳು ಅಜ್ಜಿ. "ನೋವ ನಿಂತೈತಿ. ಎಲುಬ ಕೂಡೇತಿ. ನನ್ನ ಆಡ ಕಾಯಾಕತ್ತಾವ, ಬಿಡ ನನ್ನ."

"ನಾ ಆ ಅಪ್ಪನ ಮಗಳ ಅದೀನ್ರಿ," ಎಂದೆ.

ಮೂವರೂ ನನ್ನ ಕೋಟು, ಕೊರಳಿನ ಸ್ಟೆತಾಸ್ಕೋಪು ನೋಡಿದರು. ನಂಬಲಿಲ್ಲ. ಚಹಾದ ಅಂಗಡಿಯವನೂ ನಂಬಲಿಲ್ಲ. ನಾನು ಫೋನು ಹಚ್ಚಿ ಸ್ಪೀಕರ್ ಒತ್ತಿದೆ. ಆಗಲೇ ಒಂದು ಅಳುಕು ಹುಟ್ಟಿತು. ಈಗ ಅಪ್ಪ ಏನು ಹೇಳಬೇಕು? ಅಜ್ಜಿಯ ಕಾಲು ಉಳಿಯಬೇಕಾದರೆ, ಅಪ್ಪ ಜನ್ಮವಿಡೀ ಹೇಳಿಕೊಂಡು ಬಂದ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಅದೂ ನಾಲ್ಕು ಮಂದಿ ಕೇಳುವ ಹಾಗೆ ರಸ್ತೆಯ ಮೇಲೆ. ಅವನ ಕಸುಬನ್ನು ಹಳಿದ ಮಗಳು ನಾನು, ಇದನ್ನು ಬೇಡುವ ಮುಖ ನನಗೆಲ್ಲಿದೆ? ಆದರೂ ಬೇಡಿದೆ. ಅಪ್ಪಾ, ಅಜ್ಜಿ ಸಿಕ್ಕಿದ್ದಾಳೆ, ನಿನ್ನ ಮಾತು ಹಿಡಿದು ಕೂತಿದ್ದಾಳೆ ಎಂದೆ. ಫೋನನ್ನು ಆಕೆಯ ಹತ್ತಿರ ಹಿಡಿ ಎಂದ.

"ಯವ್ವಾ, ನನ್ನ ಕಟ್ಟಿನಾಗ ನೋವ ನಿಂತ್ರ ಎಲುಬ ಕೂಡೇತಿ ಅಂತ. ನನ್ನ ಮಗಳ ಸೂಜಿಯಾಗ ನೋವ ನಿಂತ್ರ, ಬರೇ ನೋವ ನಿಂತೈತಿ ಅಂತ. ನಾ ನಿನ್ನ ಎಲುಬ ಕೂಡಸಿಲ್ಲ. ಆ ಎಲುಬ ನನ್ನ ಕೈಲೆ ಕೂಡೂದೂ ಅಲ್ಲ. ಆಕಿ ಹೇಳಿದಂಗ ಕೇಳು."

ಅಜ್ಜಿ ಫೋನನ್ನೇ ದಿಟ್ಟಿಸಿದಳು. ದನಿ ಅವಳಿಗೆ ಗುರುತಿತ್ತು. ಖರೇನೋ ಅಪ್ಪಾ ಎಂದು ಎರಡು ಸಲ ಕೇಳಿದಳು, ಖರೇ ಎಂದು ಅಪ್ಪ ಎರಡು ಸಲವೂ ಹೇಳಿದ. ಆಮೇಲೆ ಆಕೆ ನನ್ನ ಕಡೆ ತಿರುಗಿ, ಇದನ್ನು ಮುಂಜಾನೆಯೇ ಹೇಳಲು ನಿನಗೇನಾಗಿತ್ತು ಎಂದು ತರಾಟೆಗೆ ತೆಗೆದುಕೊಂಡಳು. ಬೈಸಿಕೊಳ್ಳುತ್ತ ನಿಂತಿದ್ದವಳಿಗೆ ಖುಷಿಯಿಂದ ಕಣ್ಣೀರು ಬಂತು. ಹೇಳುವುದಿತ್ತು ಅಜ್ಜಿ, ತಪ್ಪು ನನ್ನದೇ ಎಂದೆ.

ವಾಪಸು ಬಂದದ್ದು ಒಂದು ಮೆರವಣಿಗೆ. ಮುಂದೆ ಸ್ಕೂಟಿಯ ಮೇಲೆ ನಾನು, ಮಂತ್ರಿಗಳ ಕಾರಿನ ಮುಂದಿನ ಪೊಲೀಸರ ಹಾಗೆ. ರಸ್ತೆಯ ಪ್ರತಿ ಉಬ್ಬಿಗೂ ಕೈ ಮಾಡಿ ಗಾಡಿಯವನನ್ನು ನಿಧಾನಿಸುತ್ತಿದ್ದೆ. ಏನೂ ನೋಯದ ಅಜ್ಜಿಗೆ ಈ ಆಮೆಯ ನಡಿಗೆ ಸಹಿಸದು. ಜೋರಾಗಿ ಬಿಡೋ ಎಂದು ಹಿಂದಿನಿಂದ ಗದರುವುದು ನನಗೂ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ಮತ್ತೊಂದು ಎಕ್ಸ್‌ರೇ ತೆಗೆಸಿದೆವು. ಚಿತ್ರ ಬರುವವರೆಗೆ ನಾನು ಉಗುರು ಕಡಿಯುತ್ತ ನಿಂತಿದ್ದೆ. ಎಲುಬು ಜರುಗಿರಲಿಲ್ಲ. ಸರ್‌ಗೆ ನಡೆದದ್ದೆಲ್ಲ ನಾನೇ ಹೇಳಿದೆ, ನಮ್ಮಪ್ಪನ ಕಸುಬನ್ನೂ ಹೇಳಿದೆ. ಇದೇ ನೀವು ಹೇಳಿದ ಎಡವಟ್ಟು ಸರ್, ಬೇಕಾದರೆ ಇಲ್ಲಿಗೇ ನಿಲ್ಲಿಸಿರಿ ಎಂದೆ. ಅವರು ಬಹಳ ಹೊತ್ತು ಆ ಎರಡು ಚಿತ್ರಗಳನ್ನು ನೋಡಿ, ಸೂಜಿಯಲ್ಲಿ ತಪ್ಪಿರಲಿಲ್ಲ, ಬಾಯಿಯಲ್ಲಿ ತಪ್ಪಿತ್ತು, ಅದನ್ನು ತಿದ್ದಿಕೊಳ್ಳಿ ಎಂದರು. ಮರುದಿನ ಆಪರೇಷನ್ ಆಯಿತು. ಅದರ ಮರುದಿನ ಅಜ್ಜಿ ವಾಕರ್ ಹಿಡಿದು ನಿಂತು, ನಿಲ್ಲಿಸಿದವರನ್ನು ಬೈದಳು. ಆ ಬೈಗುಳ ಕೇಳಲು ನಾನು ಎರಡು ಮಹಡಿ ಹತ್ತಿ ಹೋಗಿದ್ದೆ. ಈಗ ಸೂಜಿ ಹಾಕಿದ ಪ್ರತಿಯೊಬ್ಬರ ಹಾಸಿಗೆಗೂ ಒಂದು ರಟ್ಟಿನ ಹಲಗೆ ತೂಗುಹಾಕುತ್ತೇವೆ, ನಮ್ಮ ಮಾತಿನಲ್ಲೇ ಬರೆದದ್ದು: "ನೋವ ನಿಂತೈತಿ, ಎಲುಬ ಕೂಡಿಲ್ಲ, ಏಳಬ್ಯಾಡ್ರಿ." ಓದು ಬರದವರಿಗೆ ಮೂರು ಸಲ ಬಾಯಿಂದ ಹೇಳುತ್ತೇವೆ.

ತಿಂಗಳೊಪ್ಪತ್ತು ಕಳೆದ ಮೇಲೆ ಅಪ್ಪ ಬಬಲೇಶ್ವರದ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಆ ಸೂಜಿಯನ್ನು ನೋಡಬೇಕು ಎಂದ. ಸರ್ ಒಪ್ಪಿದರು. ಅಂದೇ ಮಧ್ಯಾಹ್ನ ಒಬ್ಬ ಮುದುಕನನ್ನು ಕರೆತಂದರು, ಅಜ್ಜಿಯ ಥರದ್ದೇ ಎಲುಬು. ಮನೆಯವರ ಒಪ್ಪಿಗೆ ಕೇಳಿ ಅಪ್ಪನಿಗೆ ಟೋಪಿ, ಮಾಸ್ಕು ಹಾಕಿಸಿ ಗೋಡೆಗೆ ನಿಲ್ಲಿಸಿದೆ. ಪರದೆಯ ಮೇಲೆ ಗೆರೆ, ನರ, ಔಷಧ ಎಲ್ಲವನ್ನೂ ಉತ್ಸಾಹದಿಂದ ತೋರಿಸಿದೆ. ಅಪ್ಪ ಪರದೆಯನ್ನು ನೋಡಲೇ ಇಲ್ಲ. ಮುದುಕನ ಮುಖವನ್ನೇ ನೋಡುತ್ತ ನಿಂತ. ನರಳಾಟ ಸಣ್ಣಗಾಗಿ, ನಿಂತು, ಮುದುಕ ಎಮ್ಮೆಗೆ ಯಾರು ನೀರು ಕುಡಿಸಿದರು ಎಂದು ಮಗಳನ್ನು ಕೇಳಿದಾಗ ಅಪ್ಪ ಹೊರಗೆ ಹೋದ.

ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು, ಅಂದು ಫೋನಿನಲ್ಲಿ ಅಷ್ಟು ಬೇಗ ಹೇಗೆ ಒಪ್ಪಿದೆ ಎಂದು ಕೇಳಿದೆ. ಬಹಳ ದಿನಗಳಿಂದ ಕೇಳಬೇಕೆಂದಿದ್ದ ಮಾತು ಅದು.

"ನಿಮ್ಮ ಆಯಿ ಹಿಂಗ ಬಿದ್ದಿದ್ಳು," ಎಂದ. ನಾನು ಹುಟ್ಟುವ ಮೊದಲೇ ತೀರಿಕೊಂಡ ಅವನ ತಾಯಿ. "ನಾ ಆವಾಗ ಹೊಸದಾಗಿ ಕಟ್ಟಾಕ ಕಲ್ತಿದ್ದೆ. ಮೂರ ತಿಂಗಳ ಒದರಿದ್ಳು. ನಾ ಕಟ್ಟ ಬಿಗಿ ಮಾಡ್ಕೋತ ಹೋದೆ. ಒಂದಿನ ಸುಮ್ಮನಾದ್ಳು. ನಮ್ಮವ್ವನ ನೋವ ನಿಂತು, ಎಲುಬ ಕೂಡ್ತು ಅಂತ ಊರ ತುಂಬ ಹೇಳಿ ಬಂದೆ. ಮರುದಿನ ಹೋದ್ಳು."

ಅಂದಿನಿಂದ ಯಾರದೇ ತೊಡೆಯ ಎಲುಬನ್ನೂ ಕಟ್ಟಲಿಲ್ಲವಂತೆ, ಬಂದವರನ್ನೆಲ್ಲ ಸಿಟಿಗೇ ಕಳಿಸಿದನಂತೆ. ಕೈಗೆ, ಮೊಣಕೈಗೆ ಆ ಮಾತು ನಿಜವಾಗುತ್ತಿತ್ತು, ಹಾಗಾಗಿ ಹೇಳುತ್ತಲೇ ಇದ್ದ. ನಾನು ಅವನ ಭುಜಕ್ಕೆ ಒರಗಿದೆ. ತುಸು ಹೊತ್ತಿಗೆ ಅಪ್ಪ ಎದ್ದು ಒಳಗೆ ಹೋದ. ಹೋದಷ್ಟೇ ಬೇಗ ಹೊರಗೆ ಬಂದು ನನ್ನ ತೋಳು ಹಿಡಿದು ಜಗ್ಗಿದ. ಮುಖ ಅರಳಿತ್ತು.

"ಮುದುಕಗ ನಿದ್ದಿ ಹತ್ತೇತಿ ಬೇ. ಬಾ, ಬಂದ ನೋಡು."

ನಾನು ನೋಡದ್ದೇನಲ್ಲ. ಆದರೂ ಎದ್ದು ಹೋದೆ. ಅಪ್ಪನೂ ನಾನೂ ಹಾಸಿಗೆಯ ಪಕ್ಕ ನಿಂತು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಆ ಮುದುಕನನ್ನು ನೋಡಿದೆವು.